ದ್ರಾಕ್ಷಿ ಕಣಿವೆಯ ಸೈಕಲ್ ಯಾತ್ರಿಕ: ಶೆಟ್ಟಿಹಳ್ಳಿಯ ವರ್ತಕರಿಗೆ ಒಂದು ಅಧ್ಯಯನ

ತುಮಕೂರು ಜಿಲ್ಲೆಯಲ್ಲಿ ಶೆಟ್ಟಿಹಳ್ಳಿ ಎಂಬ ಹೆಸರಿನ ಊರು ಒಂದೇ ಅಲ್ಲ. ತುಮಕೂರು ನಗರದೊಳಗೆ ಸೇರಿಹೋಗಿರುವ ಶೆಟ್ಟಿಹಳ್ಳಿ ಒಂದಾದರೆ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಲ್ಲಿಯೂ ಅದೇ ಹೆಸರಿನ ಊರುಗಳಿವೆ. ಸೆಟ್ಟಿ ಎಂದರೆ ವರ್ತಕ. ಸಂಸ್ಕೃತದ ಶ್ರೇಷ್ಠಿ ಶಬ್ದದ ತದ್ಭವ. ಎತ್ತಿನ ಮೇಲೆ ಹೇರು ಹಾಕಿಕೊಂಡು ಸಂತೆಯಿಂದ ಸಂತೆಗೆ ನಡೆಯುತ್ತಿದ್ದ ಕಾಲದಲ್ಲಿ ವರ್ತಕನ ಒಂದು ದಿನದ ಪಯಣವೆಂದರೆ ಎತ್ತು ನಡೆಯಬಲ್ಲಷ್ಟು ದೂರ. ಎತ್ತು ದಣಿದಲ್ಲಿ ಮನುಷ್ಯ ನಿಲ್ಲುತ್ತಿದ್ದ. ಮನುಷ್ಯ ನಿಂತಲ್ಲಿ ಅರವಟಿಗೆ, ಛತ್ರ, ಅಂಗಡಿಸಾಲು ಹುಟ್ಟುತ್ತಿದ್ದವು. ರಸ್ತೆಬದಿಯ ವ್ಯಾಪಾರಕ್ಕೆ ಮೂಲಧನವೆಂದರೆ ಪ್ರಯಾಣಿಕನ ದಣಿವು.

ಮೋಟಾರು ವಾಹನ ಈ ಅಂತರವನ್ನು ಹಿಗ್ಗಿಸಿತು. ಚತುಷ್ಪಥ ಹೆದ್ದಾರಿಗಳೂ ಮೇಲ್ಸೇತುವೆಗಳೂ ಬಂದ ಮೇಲೆ ಊರೊಳಗಿನ ಹಳೆಯ ರಸ್ತೆಯ ಅಂಗಡಿಗಳ ಮುಂದೆ ವಾಹನ ನಿಲ್ಲುವುದೇ ಅಪರೂಪವಾಯಿತು. ಹೀಗೆ ಗಿರಾಕಿಯನ್ನು ಕಳೆದುಕೊಂಡ ಹೋಟೆಲು, ಬೀಡಾ ಅಂಗಡಿ, ಪಂಕ್ಚರ್ ಅಂಗಡಿಗಳು ಜಿಲ್ಲೆಯ ಯಾವ ತಾಲ್ಲೂಕಿನಲ್ಲಿಯೂ ಕಾಣಸಿಗುತ್ತವೆ. ಇಂತಹ ಅಂಗಡಿಗಳ ಮುಂದೆ ಪುನಃ ನಿಲ್ಲಬಲ್ಲ ಪ್ರಯಾಣಿಕನೊಬ್ಬನು ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿದ್ದಾನೆ. ಆತ ಸೈಕಲ್ ಮೇಲೆ ಊರೂರು ಸುತ್ತುವ ಪ್ರವಾಸಿ. ಆತನಿಂದ ಸಣ್ಣ ವರ್ತಕನಿಗೆ ಎಷ್ಟು ಲಾಭ, ಎಲ್ಲಿ ನಷ್ಟ ಎಂಬುದನ್ನು ಪರಿಶೀಲಿಸಲು ದ್ರಾಕ್ಷಿ ಬೆಳೆಯುವ ಗುಡ್ಡಗಾಡಿನ ನದೀ ಕಣಿವೆಗಳಷ್ಟು ಉತ್ತಮ ನಿದರ್ಶನ ಬೇರೊಂದಿಲ್ಲ. ಅಂತಹ ಕಣಿವೆಯೊಂದು ತುಮಕೂರಿನಿಂದ ಸೈಕಲ್‌ನ ಒಂದು ದಿನದ ಹಾದಿಯಲ್ಲಿಯೇ ಇದೆ.

ನಂದಿಯ ತಪ್ಪಲು

ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಅರ್ಕಾವತಿ ಇಲ್ಲಿಯೇ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಹೆಸರಘಟ್ಟದ ಕೆರೆ ಈ ನದಿಯದೇ. ಇಂದು ಮೇಲ್ಕಣಿವೆಯಲ್ಲಿ ಹರಿಯುವ ಹೊಳೆಯನ್ನು ಹುಡುಕುವವನಿಗೆ ಸಾಮಾನ್ಯವಾಗಿ ಕಾಣುವುದು ಒಂದರ ಕೆಳಗೊಂದು ಕಟ್ಟಿದ ಕೆರೆಗಳ ಸಾಲು, ಕೊಳವೆಬಾವಿಗಳು ಮತ್ತು ಹನಿ ನೀರಾವರಿಯ ಕಪ್ಪು ಕೊಳವೆಗಳು.

ಶೆಟ್ಟಿಹಳ್ಳಿಯಿಂದ ಹೊರಟ ಸೈಕಲ್ ಸವಾರನು ಕ್ಯಾತ್ಸಂದ್ರವನ್ನು ದಾಟಿ ದಾಬಸ್‌ಪೇಟೆಗೆ ಬಂದು, ಅಲ್ಲಿಂದ ಪೂರ್ವಕ್ಕೆ ತಿರುಗಿ ದೊಡ್ಡಬಳ್ಳಾಪುರವನ್ನು ಸೇರುತ್ತಾನೆ. ಒಟ್ಟು ದೂರ 60ರಿಂದ 70 ಕಿಲೋಮೀಟರ್. ದಾಬಸ್‌ಪೇಟೆಯ ಹೆಸರಿನಲ್ಲಿರುವವನು ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿ. ಪ್ರಯಾಣಿಕರು ಕೂಡುವ ಕವಲಿನಲ್ಲಿ ಪೇಟೆ ಬೆಳೆಯುತ್ತದೆಂಬುದಕ್ಕೆ ಈ ಊರೇ ಸಾಕ್ಷಿ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಗಳನ್ನು ಜೋಡಿಸುವ ಹೊಸ ವರ್ತುಲ ಹೆದ್ದಾರಿ 2024ರಲ್ಲಿ ಸಂಚಾರಕ್ಕೆ ತೆರೆದುಕೊಂಡಿದೆ. ವೇಗದ ವಾಹನಗಳು ಅದರ ಮೇಲೆ ಹೋಗುತ್ತವೆ. ಸೈಕಲ್‌ಗೆ ಉಳಿಯುವುದು ಸರ್ವಿಸ್ ರಸ್ತೆಗಳು ಮತ್ತು ಊರೊಳಗಿನ ಹಳೆಯ ದಾರಿಗಳು. ವರ್ತಕರ ಅಂಗಡಿಗಳಿರುವುದೂ ಅಲ್ಲಿಯೇ.

ವಿದ್ಯುತ್ ಮಗ್ಗಗಳ ಸದ್ದಿನ ದೊಡ್ಡಬಳ್ಳಾಪುರವನ್ನು ಬಿಟ್ಟು ನಂದಿಯ ಕಡೆಗೆ ಸಾಗಿದಂತೆ ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಹಬ್ಬಿಸಿದ ದ್ರಾಕ್ಷಿ ಚಪ್ಪರಗಳು ಎದುರಾಗುತ್ತವೆ. ಇವುಗಳಲ್ಲಿ ಎರಡು ಬಗೆಯ ಬೇಸಾಯವಿದೆ. ಮೊದಲನೆಯದು ಬೆಂಗಳೂರು ನೀಲಿ ದ್ರಾಕ್ಷಿಯದು. ಬೀಜವುಳ್ಳ, ತೀವ್ರ ಪರಿಮಳದ ಈ ತಳಿ ಹಣ್ಣಿನ ಬುಟ್ಟಿಗೂ ಸಲ್ಲುತ್ತದೆ, ರಸಕ್ಕೂ ಜಾಮಿಗೂ ಸಿಹಿ ವೈನ್‌ಗೂ ಸಲ್ಲುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಎರಡನೆಯದು ವೈನ್‌ಗೆಂದೇ ಬೆಳೆಯುವ ಫ್ರೆಂಚ್ ತಳಿಗಳ ಬೇಸಾಯ. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ವಿನ್‌ಯಾರ್ಡ್ಸ್ ಈ ತಪ್ಪಲಿನಲ್ಲಿ ಅಂತಹ ತೋಟಗಳನ್ನು ಎಬ್ಬಿಸಿ 1990ರ ದಶಕದ ಆರಂಭದಲ್ಲಿ ವೈನನ್ನು ಮಾರುಕಟ್ಟೆಗೆ ತಂದಿತು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಗ್ರೋವರ್ ಜಂಪಾ ಎನಿಸಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂಬ ಹೆಸರುಗಳು ಉದ್ಯಮದ ಭಾಷೆಯಲ್ಲಿ ನೆಲೆಗೊಂಡವು.

ಈ ಚಪ್ಪರಗಳು ಶಾಶ್ವತವೆಂದು ಭಾವಿಸುವಂತಿಲ್ಲ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಸುತ್ತಲಿನ ಭೂಮಿಯ ಬೆಲೆ ಏರುತ್ತ ಬಂದು, ದ್ರಾಕ್ಷಿತೋಟಗಳಿದ್ದಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ಬಳ್ಳಿಯನ್ನು ಉಳಿಸಿಕೊಳ್ಳುವಂತೆ ರೈತನಿಗೆ ಉಪದೇಶ ಮಾಡುವುದು ಸುಲಭ. ಎಕರೆಗೆ ದೊರೆಯುವ ಬೆಲೆಯ ಮುಂದೆ ಉಪದೇಶ ನಿಲ್ಲುವುದಿಲ್ಲ. ಹಣ್ಣಿನ ಬೆಲೆಯ ಜೊತೆಗೆ ನೋಡುಗರಿಂದ ಬರುವ ಆದಾಯವೂ ಕೂಡಿದರೆ ಮಾತ್ರ ತೋಟಕ್ಕೆ ಉಳಿವಿದೆ ಎಂಬ ಲೆಕ್ಕಾಚಾರದಿಂದಲೇ ಯುರೋಪಿನ ದ್ರಾಕ್ಷಿ ಕಣಿವೆಗಳಲ್ಲಿ ಬೆಳೆಗಾರರು ಪ್ರವಾಸಿಗರಿಗೆ ಬಾಗಿಲು ತೆರೆದಿದ್ದಾರೆ.

ಬೆಟ್ಟ ಏರುವವನು ಮತ್ತು ಕಣಿವೆ ಸುತ್ತುವವನು

ನಂದಿಯ ರಸ್ತೆಯಲ್ಲಿ ರಜೆಯ ದಿನಗಳಂದು ಸೈಕಲ್‌ಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಸವಾರರು ನಸುಕಿಗೆ ಮೊದಲೇ ಹೊರಟು, ಬೆಟ್ಟವನ್ನೇರಿ, ಬಿಸಿಲು ಬಲಿಯುವ ಮೊದಲು ಮನೆ ಸೇರುತ್ತಾರೆ. ಆದರೆ ಇವರಲ್ಲಿ ಹೆಚ್ಚಿನವರು ಪ್ರವಾಸಿಗರಲ್ಲ, ವ್ಯಾಯಾಮಾರ್ಥಿಗಳು. ಅವರ ಕಣ್ಣು ಗಡಿಯಾರದ ಮೇಲಿರುತ್ತದೆ. ಒಂದು ಚಹಾ, ಒಂದು ತಿಂಡಿ, ಬಾಟಲಿಗೆ ನೀರು ಇಷ್ಟೇ ಅವರಿಂದಾಗುವ ವ್ಯಾಪಾರ. ದ್ರಾಕ್ಷಿ ಚಪ್ಪರ ಅವರ ಪಕ್ಕದಲ್ಲಿ ಹಾದುಹೋಗುತ್ತದೆಯೇ ಹೊರತು ಅವರು ಅದರೊಳಗೆ ಕಾಲಿಡುವುದು ಕಡಿಮೆ.

ಆಸ್ಟ್ರಿಯಾದ ಡ್ಯಾನ್ಯೂಬ್ ನದಿಯ ವಾಹೌ ಕಣಿವೆಯ ಸಂಗತಿ ಬೇರೆ. ಮೆಲ್ಕ್ ಮತ್ತು ಕ್ರೆಮ್ಸ್ ಎಂಬ ಎರಡು ಊರುಗಳ ನಡುವಿನ ಈ ಭಾಗದ ಉದ್ದ ಸುಮಾರು 35 ಕಿಲೋಮೀಟರ್ ಮಾತ್ರ. ಕಷ್ಟಪಡದೆ ತುಳಿದರೆ ಎರಡೂವರೆ ಗಂಟೆಯ ದಾರಿ. ಇಬ್ಬದಿಯ ಗುಡ್ಡಗಳಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳ ಮೆಟ್ಟಿಲುಗದ್ದೆಗಳಿದ್ದು, ಅವುಗಳಲ್ಲಿ ದ್ರಾಕ್ಷಿ ಬೆಳೆಯುತ್ತದೆ. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜರ್ಮನಿಯ ಪಸ್ಸೌದಿಂದ ವಿಯೆನ್ನಾವರೆಗೆ 300ಕ್ಕೂ ಹೆಚ್ಚು ಕಿಲೋಮೀಟರ್ ಸಾಗುವ ಸೈಕಲ್ ದಾರಿ ಈ ಕಣಿವೆಯ ಮೂಲಕವೇ ಹೋಗುತ್ತದೆ. ಗಮನಿಸಬೇಕಾದ ಅಂಶವೆಂದರೆ, ತೋಟಗಳು ಕಡಿದಾದ ಇಳಿಜಾರಿನಲ್ಲಿದ್ದರೂ ಸೈಕಲ್ ದಾರಿ ನದಿಯ ದಡದಲ್ಲಿಯೇ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ಆದ್ದರಿಂದ ಅರವತ್ತು ದಾಟಿದ ದಂಪತಿಗಳೂ ಮಕ್ಕಳೊಂದಿಗರೂ ಅಲ್ಲಿ ಸವಾರಿ ಮಾಡಬಲ್ಲರು. ಎರಡೂವರೆ ಗಂಟೆಯಲ್ಲಿ ಮುಗಿಯಬಹುದಾದ ದಾರಿಗೆ ಅವರು ಒಂದು ಇಡೀ ದಿನವನ್ನೋ ಎರಡು ದಿನಗಳನ್ನೋ ವ್ಯಯಿಸುತ್ತಾರೆ. ವರ್ತಕನಿಗೆ ಬೇಕಾದ ಗಿರಾಕಿ ಇವನೇ. ಕಡಿದಾದ ಏರು ಕ್ರೀಡಾಪಟುವನ್ನು ಕರೆತರುತ್ತದೆ, ಹದವಾದ ಕಣಿವೆ ಖರ್ಚು ಮಾಡುವ ಪ್ರವಾಸಿಯನ್ನು ಕರೆತರುತ್ತದೆ. ಪ್ರವಾಸೋದ್ಯಮವೆಂದೊಡನೆ ಬೆಟ್ಟದ ತುದಿಯನ್ನೇ ತೋರಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿರುವುದರಿಂದ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ವಾಹೌ ಕಣಿವೆಯ ಬೆಳೆಗಾರನು ತನ್ನ ಸ್ವಂತ ವೈನನ್ನು ತನ್ನ ಅಂಗಳದಲ್ಲಿಯೇ ಮಾರುವ ಪದ್ಧತಿ ಹಳೆಯದು. 1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನ ಆಜ್ಞೆ ಈ ಹಕ್ಕನ್ನು ಕೊಟ್ಟಿತು. ಅಂಗಳ ತೆರೆದಿದೆಯೆಂಬುದಕ್ಕೆ ಗುರುತಾಗಿ ಬಾಗಿಲಿಗೆ ಹಸಿರು ಕೊಂಬೆಯೊಂದನ್ನು ಕಟ್ಟುತ್ತಾರೆ. ಇಷ್ಟು ಕಡಿಮೆ ವೆಚ್ಚದ ಜಾಹೀರಾತು ಫಲಕವನ್ನು ಮತ್ತಾವ ಉದ್ಯಮವೂ ಕಂಡುಹಿಡಿದಂತಿಲ್ಲ. ಸೈಕಲ್ ಸವಾರನ ಮದ್ಯಸೇವನೆಗೂ ಆ ದೇಶದಲ್ಲಿ ಕಾನೂನಿನ ಮಿತಿಯಿದೆ. ಹೀಗಾಗಿ ಹೆಚ್ಚು ಕುಡಿಯಬಯಸುವವನು ಅಲ್ಲಿಯೇ ತಂಗುತ್ತಾನೆ. ಕೊಠಡಿಯ ಬಾಡಿಗೆಯೂ ಅದೇ ಊರಿಗೆ ಸೇರುತ್ತದೆ. ಅದೇ ಕಣಿವೆಯ ಏಪ್ರಿಕಾಟ್ ಹಣ್ಣಿನ ಜಾಮ್ ಮತ್ತು ಸಿಹಿತಿಂಡಿಗಳು ವೈನ್ ಕುಡಿಯದವರಿಗಾಗಿ ಇವೆ. ಪ್ರಸಿದ್ಧಿ ವೈನಿನದಾದರೂ ವ್ಯಾಪಾರ ಅದೊಂದರ ಮೇಲೆ ನಿಂತಿಲ್ಲ.

ನಿಲುಗಡೆಯ ಲೆಕ್ಕ

ಸವಾರ, ಸೈಕಲ್, ಸಾಮಾನು ಸೇರಿ 95 ಕಿಲೋ ಭಾರವೆಂದು ಇಟ್ಟುಕೊಂಡರೆ, ಅದನ್ನು 100 ಮೀಟರ್ ಎತ್ತರಕ್ಕೇರಿಸಲು ದೇಹವು ವ್ಯಯಿಸುವ ಶಕ್ತಿ ಸುಮಾರು 100 ಕಿಲೋಕ್ಯಾಲೊರಿ. ಹೆಚ್ಚು ಕಡಿಮೆ ಎರಡು ಸಣ್ಣ ಇಡ್ಲಿಗಳಷ್ಟು. ಸಮತಟ್ಟಾದ ದಾರಿಯಲ್ಲಿ ಸಾವಧಾನವಾಗಿ ತುಳಿದರೂ ಗಂಟೆಗೆ 300ರಿಂದ 400 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಬೇಕು. ಸವಾರನು ಸಾಮಾನ್ಯವಾಗಿ ಎರಡು ಬಾಟಲಿಗಿಂತ ಹೆಚ್ಚು ನೀರನ್ನು ಹೊರುವುದಿಲ್ಲ. ಎಂದರೆ, ಗಂಟೆಗೆ 15 ಕಿಲೋಮೀಟರ್ ಹೋಗುವವನಿಗೆ 20ರಿಂದ 25 ಕಿಲೋಮೀಟರಿಗೊಮ್ಮೆ ನೀರು ಮತ್ತು ಆಹಾರ, 50ರಿಂದ 60 ಕಿಲೋಮೀಟರಿಗೆ ಒಂದು ಹಾಸಿಗೆ ದೊರೆಯಲೇಬೇಕು. ಈ ಅಂತರದಲ್ಲಿ ಒಂದು ಕೊಂಡಿ ತಪ್ಪಿದರೂ ಆತ ಆ ದಾರಿಯನ್ನೇ ಆರಿಸುವುದಿಲ್ಲ. ಕಾರಿನ ಪ್ರವಾಸಿಗೆ ಒಂದು ಒಳ್ಳೆಯ ಹೋಟೆಲು ಸಾಕು. ಸೈಕಲ್ ಪ್ರವಾಸಿಗೆ ಸಾಧಾರಣವಾದ ಐದು ಹೋಟೆಲುಗಳು ಸರಿಯಾದ ಅಂತರದಲ್ಲಿ ಬೇಕು. ಆದುದರಿಂದಲೇ ಇದು ಒಬ್ಬ ದೊಡ್ಡ ಉದ್ಯಮಿಯ ವ್ಯವಹಾರವಲ್ಲ. ಬೇರೆ ಬೇರೆ ಊರುಗಳ ಸಣ್ಣ ವರ್ತಕರು ಒಬ್ಬರನ್ನೊಬ್ಬರು ನಂಬಿ ನಡೆಸುವ ವ್ಯವಹಾರ.

ಜರ್ಮನಿಯ ಸೈಕಲ್ ಸವಾರರ ಸಂಘ 1995ರಲ್ಲಿ ಆರಂಭಿಸಿದ ಬೆಟ್ ಪ್ಲಸ್ ಬೈಕ್ ಎಂಬ ಮಾನ್ಯತಾ ವ್ಯವಸ್ಥೆಯಲ್ಲಿ ಇಂದು ಸಾವಿರಾರು ವಸತಿಗೃಹಗಳಿವೆ. ಮಾನ್ಯತೆಗೆ ಅದು ಕೇಳುವ ಸೌಕರ್ಯಗಳಲ್ಲಿ ದುಬಾರಿಯಾದದ್ದು ಒಂದೂ ಇಲ್ಲ: ಒಂದೇ ರಾತ್ರಿಗೆ ಬಂದವರನ್ನೂ ನಿರಾಕರಿಸಬಾರದು, ಸೈಕಲ್ ಇಡಲು ಬೀಗ ಹಾಕಬಹುದಾದ ಜಾಗವಿರಬೇಕು, ಒದ್ದೆ ಬಟ್ಟೆ ಒಣಗಿಸಲು ಸ್ಥಳವಿರಬೇಕು, ಬೆಳಗಿನ ತಿಂಡಿ ಹೊಟ್ಟೆ ತುಂಬುವಂತಿರಬೇಕು, ಸಣ್ಣ ರಿಪೇರಿಗೆ ಸಾಧನಗಳೂ ಹತ್ತಿರದ ರಿಪೇರಿ ಅಂಗಡಿಯ ವಿಳಾಸವೂ ಇರಬೇಕು. ನಮ್ಮ ಪೇಟೆಗಳ ಲಾಡ್ಜುಗಳಲ್ಲಿ ಇವುಗಳ ಪೈಕಿ ಕಷ್ಟವಾಗುವುದು ಎರಡನೆಯದು. ಹತ್ತಾರು ಸಾವಿರ ರೂಪಾಯಿ ಬೆಲೆಯ ಸೈಕಲನ್ನು ಮೆಟ್ಟಿಲ ಕೆಳಗೆ ಬಿಟ್ಟು ನಿದ್ರೆ ಮಾಡುವವರಿಲ್ಲ. ಕೊಠಡಿಯೊಳಗೆ ತೆಗೆದುಕೊಂಡು ಹೋಗಲು ಬಿಡುವ ಲಾಡ್ಜಿಗೆ ಮಾತು ಹರಡಿ ಗಿರಾಕಿಗಳು ತಾವಾಗಿ ಬರುತ್ತಾರೆ.

ಇನ್ನೊಂದು ವರ್ಗದ ಸವಾರರೂ ಇದ್ದಾರೆ. ಬ್ರೆವೆ ಎಂದು ಕರೆಯುವ ದೂರದ ಸವಾರಿಗಳಲ್ಲಿ 200 ಕಿಲೋಮೀಟರನ್ನು 13 ಗಂಟೆ 30 ನಿಮಿಷಗಳಲ್ಲಿ, 300ನ್ನು 20 ಗಂಟೆಗಳಲ್ಲಿ ಮುಗಿಸಬೇಕು. ದಾರಿಯ ನಿಯಂತ್ರಣ ಕೇಂದ್ರಗಳಲ್ಲಿ ಹಾದುಹೋದುದಕ್ಕೆ ಪುರಾವೆ ಬೇಕು. ಮೊಹರು ಹಾಕುವವರಿಲ್ಲದೆಡೆ ದಿನಾಂಕ, ಸಮಯ, ಊರಿನ ಹೆಸರು ಮುದ್ರಿತವಾದ ಅಂಗಡಿಯ ಬಿಲ್ಲೇ ಪುರಾವೆಯಾಗುತ್ತದೆ. ಕೈಬರಹದ ಚೀಟಿ ಕೊಡುವ ಹೋಟೆಲನ್ನು ಬಿಟ್ಟು ಮುದ್ರಿತ ಬಿಲ್ ಕೊಡುವ ಹೋಟೆಲಿನಲ್ಲಿ ಇವರು ತಿಂಡಿ ತಿನ್ನುತ್ತಾರೆ. ಬಿಲ್ಲಿಗಾಗಿಯೇ ಗಿರಾಕಿ ಬರುವ ಇಂತಹ ಸಂದರ್ಭ ವ್ಯಾಪಾರದಲ್ಲಿ ವಿರಳ.

ಪಂಕ್ಚರ್ ಅಂಗಡಿಯ ಕಪಾಟು

ಸೈಕಲ್ ಪ್ರವಾಸಿಯು ಅತ್ಯಂತ ತುರ್ತಾಗಿ ಹುಡುಕುವ ಅಂಗಡಿ ಪಂಕ್ಚರ್ ಅಂಗಡಿ. ಅಲ್ಲಿಯೇ ಆತನಿಗೆ ಅತ್ಯಂತ ನಿರಾಶೆಯೂ ಆಗುತ್ತದೆ. ಇದಕ್ಕೆ ಕೆಲಸಗಾರನ ಕೌಶಲದ ಕೊರತೆ ಕಾರಣವಲ್ಲ. ಕಾರಣ ಅಳತೆಗಳ ಭೇದ.

ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊರುವ ಸಾಂಪ್ರದಾಯಿಕ ಸೈಕಲ್‌ನ ಟೈರು 28 ಇಂಚು ಎಂದು ಕರೆಯುವ ಅಳತೆಯದು. ರಿಮ್ಮಿನ ಮೇಲೆ ಟೈರು ಕೂರುವ ವೃತ್ತದ ವ್ಯಾಸ 635 ಮಿಲಿಮೀಟರ್. ಪ್ರವಾಸದ ಮತ್ತು ಓಟದ ಸೈಕಲ್‌ಗಳಲ್ಲಿ ಬಳಕೆಯಲ್ಲಿರುವುದು 700ಸಿ ಎಂಬ ಅಳತೆ; ಅದರ ವ್ಯಾಸ 622 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ 13 ಮಿಲಿಮೀಟರಿನ ವ್ಯತ್ಯಾಸದಿಂದಾಗಿ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. 26 ಇಂಚಿನ ಗುಡ್ಡದ ಸೈಕಲ್‌ನದು 559 ಮಿಲಿಮೀಟರ್. ಈ ಸಂಖ್ಯೆಗಳು ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತವೆ. ಇಂಚಿನ ಹೆಸರನ್ನು ನಂಬದೆ ಮಿಲಿಮೀಟರಿನ ಅಂಕಿಯನ್ನು ಓದಿ ಮಾಲು ತರಿಸುವವನು ಮೋಸಹೋಗುವುದಿಲ್ಲ.

ಗಾಳಿ ತುಂಬುವ ವಾಲ್ವಿನಲ್ಲಿ ಮೂರು ಬಗೆಗಳಿವೆ. ನಮ್ಮ ಹಳೆಯ ಸೈಕಲ್‌ಗಳದು ಡನ್‌ಲಪ್ ವಾಲ್ವ್. ಕಾರು, ಸ್ಕೂಟರ್ ಮತ್ತು ಗುಡ್ಡದ ಸೈಕಲ್‌ಗಳದು ಶ್ರೇಡರ್. ಓಟದ ಮತ್ತು ಪ್ರವಾಸದ ಬಹುತೇಕ ಸೈಕಲ್‌ಗಳದು ಪ್ರೆಸ್ಟಾ. ಸಪೂರವಾಗಿದ್ದು ತುದಿಯಲ್ಲಿ ಸಣ್ಣ ತಿರುಪು ಇರುತ್ತದೆ, ಗಾಳಿ ತುಂಬುವ ಮೊದಲು ಅದನ್ನು ಸಡಿಲಿಸಬೇಕು. ಪೇಟೆಯ ಕಂಪ್ರೆಸರಿನ ಬಾಯಿ ಶ್ರೇಡರ್‌ಗೆ ಹೊಂದುತ್ತದೆ, ಪ್ರೆಸ್ಟಾಗೆ ಹೊಂದುವುದಿಲ್ಲ. ಇವೆರಡನ್ನೂ ಕೂಡಿಸುವುದಕ್ಕೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಹಿತ್ತಾಳೆಯ ಟೊಪ್ಪಿಯೊಂದು ಸಾಕು. ಇಂತಹ ನಾಲ್ಕು ಟೊಪ್ಪಿ, 700ಸಿಯ ಆರು ಟ್ಯೂಬು, ಚೈನಿನ ಕೊಂಡಿಗಳು ಮತ್ತು ಬ್ರೇಕ್ ತಂತಿಗಳನ್ನು ಇರಿಸಿಕೊಂಡ ಪಂಕ್ಚರ್ ಅಂಗಡಿ ಇಡೀ ದಾರಿಯ ಭರವಸೆಯಾಗುತ್ತದೆ. ಹಾಕಬೇಕಾದ ಬಂಡವಾಳ ಕೆಲವು ಸಾವಿರ ರೂಪಾಯಿಗಳನ್ನು ಮೀರುವುದಿಲ್ಲ. ಟ್ಯೂಬು ಕಪ್ಪು ಚೀಲದಲ್ಲಿ ಬಿಸಿಲು ತಾಗದಂತೆ ಇರಬೇಕು. ಎರಡು ವರ್ಷ ಮಾರಾಟವಾಗದ ಟ್ಯೂಬನ್ನು ಅಂಗಡಿಯವನು ತನ್ನ ನಷ್ಟಕ್ಕೆ ಬರೆದುಕೊಳ್ಳುವುದು ಲೇಸು, ದಾರಿಯಲ್ಲಿ ಬಿರಿದ ಟ್ಯೂಬಿನ ಸುದ್ದಿ ಹತ್ತು ಜನರಿಗೆ ತಲುಪುತ್ತದೆ.

ಸಣ್ಣ ಕೈಗಾರಿಕೋದ್ಯಮಿಗಳ ಗಮನಕ್ಕೆ ಒಂದು ಮಾತು. ಮೇಲೆ ಹೇಳಿದ ಟೊಪ್ಪಿಯು ಲೇತ್ ಯಂತ್ರದ ಸರಳ ಕೆಲಸ. ಒಳಗಿನ ಥ್ರೆಡ್ 5.2 ಮಿಲಿಮೀಟರ್, ಇಂಚಿಗೆ 24 ಸುತ್ತು, ಹೊರಗಿನದು 7.7 ಮಿಲಿಮೀಟರ್, ಇಂಚಿಗೆ 32 ಸುತ್ತು. ಸಾಮಾನುಚೀಲ ಕಟ್ಟುವ ಉಕ್ಕಿನ ಕ್ಯಾರಿಯರ್, ಗೋಡೆಗೆ ಸೈಕಲ್ ನಿಲ್ಲಿಸುವ ಕೊಳವೆಯ ಸ್ಟ್ಯಾಂಡ್, ದಪ್ಪ ಬಟ್ಟೆಯ ಜೋಡಿಚೀಲ ಇವೆಲ್ಲ ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳ ಘಟಕಗಳ ಶಕ್ತಿಗೆ ಮೀರಿದವಲ್ಲ. ಸೈಕಲನ್ನೇ ತಯಾರಿಸಿ ಲೂಧಿಯಾನದೊಡನೆ ಸ್ಪರ್ಧಿಸುವ ಆಲೋಚನೆ ಮಾತ್ರ ವಿವೇಕದ್ದಲ್ಲ. ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿರುವುದು ವರ್ತಕನಿಗೂ ತಯಾರಕನಿಗೂ ಅನುಕೂಲಕರ.

ಹೊರಲಾರದ ಗಿರಾಕಿ

750 ಮಿಲಿಲೀಟರಿನ ತುಂಬಿದ ವೈನ್ ಬಾಟಲಿಯ ತೂಕ ಒಂದು ಕಿಲೋವನ್ನು ಮೀರುತ್ತದೆ. ಸೈಕಲ್ ಸವಾರನು ಅದನ್ನು ಇಷ್ಟಪಟ್ಟರೂ ಹೊರಲಾರ. ಆದುದರಿಂದ ಯುರೋಪಿನ ಬೆಳೆಗಾರನು ರುಚಿ ತೋರಿಸಿ, ವಿಳಾಸ ಬರೆದುಕೊಂಡು, ಪೆಟ್ಟಿಗೆಯನ್ನು ಮನೆಗೆ ಕಳುಹಿಸುತ್ತಾನೆ. ನಮ್ಮಲ್ಲಿ ಮದ್ಯ ರಾಜ್ಯದ ಅಬಕಾರಿ ಕಾನೂನಿಗೆ ಒಳಪಟ್ಟಿರುವುದರಿಂದ ಹಾಗೆ ಮನಬಂದಂತೆ ಪಾರ್ಸೆಲ್ ಮಾಡಲಾಗದು. ರಾಜ್ಯದ ಗಡಿ ದಾಟುವುದಂತೂ ಬೇರೆಯೇ ಪ್ರಶ್ನೆ. ನಂದಿ ಕಣಿವೆಗೆ ಇದೊಂದು ನಿಜವಾದ ತೊಡಕು. ತುಮಕೂರಿನ ಸರಕಿಗೆ ಈ ತೊಡಕಿಲ್ಲ. ಎಳನೀರಿಗೆ ಅಬಕಾರಿ ಪರವಾನಗಿ ಬೇಡ. ಕೊಬ್ಬರಿ, ಕೊಬ್ಬರಿ ಮಿಠಾಯಿ, ಹುಣಸೆ, ಹಲಸಿನ ಚಿಪ್ಸ್ ಅಂಚೆಯಲ್ಲಿ ಎಲ್ಲಿಗಾದರೂ ಹೋಗುತ್ತವೆ. ಗುಬ್ಬಿ ತಾಲ್ಲೂಕಿನ ಚೇಳೂರು ಹೋಬಳಿಯ ಸಿದ್ದು ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ ಹೆಸರುವಾಸಿ ಮಾಡಿದೆ. ಮರವನ್ನು ನೋಡಿ, ತೊಳೆ ತಿಂದು, ಮನೆಗೆ ತರಿಸಿಕೊಳ್ಳುವ ಆಸೆಯುಳ್ಳವರು ಇದ್ದೇ ಇರುತ್ತಾರೆ.

ಇದರಿಂದ ಪ್ಯಾಕಿಂಗಿನ ಬಗೆಗೂ ತಿಳಿಯಬೇಕಾದುದಿದೆ. ಒಂದು ಕಿಲೋ ಪೊಟ್ಟಣ ಬಸ್ಸಿನ ಪ್ರಯಾಣಿಕನಿಗೆ. ಸೈಕಲ್ ಸವಾರನಿಗೆ 50 ಅಥವಾ 100 ಗ್ರಾಂ ಪೊಟ್ಟಣ. ಅದೂ ಜೇಬಿನಲ್ಲಿ ಬೆವರು ತಾಗಿದರೂ ಕೆಡದಂತಹದು. ಸಾಮಾನು ಹೆಚ್ಚಿದ್ದವರ ಚೀಲಗಳನ್ನು ಈ ಊರಿನ ಲಾಡ್ಜಿನಿಂದ ಮುಂದಿನ ಊರಿನ ಲಾಡ್ಜಿಗೆ ತಲುಪಿಸುವ ಸೇವೆ ಯುರೋಪಿನಲ್ಲಿ ಸ್ವತಂತ್ರ ಉದ್ಯೋಗವೇ ಆಗಿದೆ; ನಮ್ಮಲ್ಲಿ ಗೂಡ್ಸ್ ಆಟೋ ಉಳ್ಳವನು ಮಾಡಬಹುದಾದದ್ದು.

ಬಂಡವಾಳದ ಎಚ್ಚರಿಕೆ

ಉತ್ಸಾಹಕ್ಕೆ ಮೊದಲು ಅಂಕಿಗಳನ್ನಿಡುವುದು ಕ್ಷೇಮ. ಮುಂದಿನದು ಲೆಕ್ಕದ ಕ್ರಮವನ್ನು ತೋರಿಸಲು ಕಲ್ಪಿಸಿದ ಉದಾಹರಣೆ ಮಾತ್ರ. ವಾರದ ಎರಡು ರಜಾ ದಿನಗಳಲ್ಲಿ ದಿನಕ್ಕೆ 10 ಸವಾರರು, ಮಳೆ ಮತ್ತು ಕಡುಬೇಸಿಗೆಯನ್ನು ಬಿಟ್ಟು ವರ್ಷಕ್ಕೆ 30 ವಾರ ಬರುತ್ತಾರೆಂದು ಇಟ್ಟುಕೊಂಡರೆ ಒಟ್ಟು 600 ಮಂದಿ. ತಲಾ 80 ರೂಪಾಯಿಯ ತಿಂಡಿ ತಿಂದರೆ ವಹಿವಾಟು 48,000 ರೂಪಾಯಿ. ಶೇಕಡಾ 35 ಉಳಿದರೆ ವರ್ಷಕ್ಕೆ 16,800 ರೂಪಾಯಿ. ಇದು ಜೀವನೋಪಾಯವಲ್ಲ, ಇರುವ ಹೋಟೆಲಿಗೆ ಒದಗುವ ಪೂರಕ ಆದಾಯ.

ಮೂವರಲ್ಲಿ ಒಬ್ಬರು ತಂಗಿದರೆ 200 ರಾತ್ರಿಗಳು. ಕೊಠಡಿಗೆ 700 ರೂಪಾಯಿ, ನೇರ ವೆಚ್ಚ 300 ಕಳೆದರೆ ಉಳಿಕೆ 80,000. ಇದನ್ನು ನಂಬಿ 6 ಲಕ್ಷ ರೂಪಾಯಿ ಸಾಲ ಮಾಡಿ ಕೊಠಡಿ ಕಟ್ಟಿಸಿದರೆ ಶೇಕಡಾ 11ರ ದರದಲ್ಲಿ ಬಡ್ಡಿಯೇ 66,000. ಅಸಲು ಹಾಗೆಯೇ ನಿಂತಿರುತ್ತದೆ. ಬರುವವರು ಅರ್ಧಕ್ಕಿಳಿದರೆ ಬಡ್ಡಿಗೂ 26,000 ಕೈಯಿಂದ ಹಾಕಬೇಕು. ಬದಲಾಗಿ, ಅಂಗಡಿಯ ಮೇಲಿನ ಖಾಲಿ ಕೋಣೆಯನ್ನು 60,000 ರೂಪಾಯಿಯಲ್ಲಿ ದುರಸ್ತಿ ಮಾಡಿಸಿದವನಿಗೆ ಮೊದಲ ವರ್ಷದೊಳಗೇ ಹಾಕಿದ್ದು ಮರಳುತ್ತದೆ; ಗಿರಾಕಿ ಅರ್ಧವಾದರೂ ಒಂದೂವರೆ ವರ್ಷ. ಹೊಸ ಕಟ್ಟಡಕ್ಕಾಗಿ ಸಾಲ ಮಾಡುವ ವ್ಯವಹಾರ ಇದಲ್ಲ ಎಂಬುದರಲ್ಲಿ ಸಂದೇಹವಿಲ್ಲ.

ತೆರಿಗೆಯ ಒಂದು ಸೂಕ್ಷ್ಮವನ್ನೂ ಮರೆಯುವಂತಿಲ್ಲ. ಸೇವೆಗಳನ್ನು ಒದಗಿಸುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ಎಂಬುದನ್ನು ಕೇಳಿ, ಕೋಣೆಯ ಬಾಡಿಗೆಗೆ ತೆರಿಗೆಯಿಲ್ಲವೆಂದು ಕೆಲವರು ಭಾವಿಸಬಹುದು. ಆದರೆ ಈಗಾಗಲೇ ಬೇರೆ ವ್ಯಾಪಾರಕ್ಕಾಗಿ ನೋಂದಣಿ ಮಾಡಿಸಿಕೊಂಡಿರುವ ವರ್ತಕನಿಗೆ ಈ ವಿನಾಯಿತಿ ಅನ್ವಯಿಸದು. ಒಂದೇ ಪ್ಯಾನ್ ಸಂಖ್ಯೆಯ ಎಲ್ಲ ವಹಿವಾಟು ಒಟ್ಟಾಗಿ ಎಣಿಕೆಯಾಗುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5, ಹೂಡುವಳಿ ತೆರಿಗೆಯ ಜಮೆ ಇಲ್ಲದೆ. ಮೇಲಿನ 700 ರೂಪಾಯಿಯಲ್ಲಿ ತೆರಿಗೆ ಸೇರಿದೆಯೆಂದರೆ 33 ರೂಪಾಯಿ ಸರ್ಕಾರಕ್ಕೆ. ಊಟ ತಿಂಡಿ ಕೊಡುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ವಿದೇಶಿ ಅತಿಥಿ ತಂಗಿದರೆ 24 ಗಂಟೆಗಳೊಳಗೆ ವಲಸೆ ಅಧಿಕಾರಿಗಳಿಗೆ ವಿವರ ಸಲ್ಲಿಸಬೇಕು. ಇದನ್ನು ಮರೆತು ತೊಂದರೆಗೆ ಸಿಲುಕುವುದು ಸಣ್ಣ ಲಾಡ್ಜುಗಳೇ.

ಶಿಂಷೆಯ ದಡದಲ್ಲಿ

ನಂದಿಬೆಟ್ಟದಲ್ಲಿ ಅರ್ಕಾವತಿ ಹುಟ್ಟುವಂತೆ ದೇವರಾಯನದುರ್ಗದಲ್ಲಿ ಶಿಂಷೆ ಹುಟ್ಟುತ್ತದೆ. ಅದೇ ಬೆಟ್ಟಸಾಲಿನ ಜಯಮಂಗಲಿ ಉತ್ತರಕ್ಕೆ ಪೆನ್ನಾರಿನ ಕಡೆಗೆ ಹೋದರೆ, ಶಿಂಷೆ ದಕ್ಷಿಣಕ್ಕೆ ಹರಿದು ಅರ್ಕಾವತಿಯಂತೆಯೇ ಕಾವೇರಿಯನ್ನು ಸೇರುತ್ತದೆ. ದ್ರಾಕ್ಷಿಯ ಬದಲು ಇಲ್ಲಿರುವುದು ತೆಂಗು ಮತ್ತು ಅಡಿಕೆ. ಸೈಕಲ್ ಸವಾರನ ದೃಷ್ಟಿಯಿಂದ ತೋಟದ ನೆರಳು ಚಪ್ಪರಕ್ಕಿಂತ ಮೇಲು. ದ್ರಾಕ್ಷಿ ಚಪ್ಪರ ರಸ್ತೆಗೆ ನೆರಳು ಕೊಡುವುದಿಲ್ಲ.

ದಾರಿ ಹೀಗೆ ಸಾಗಬಹುದು. ತುಮಕೂರಿಗೆ ಬೆಂಗಳೂರಿನಿಂದ ರೈಲಿನಲ್ಲಿ ಬರುವವನು ಸೈಕಲನ್ನು ಲಗೇಜ್ ಆಗಿ ಬುಕ್ ಮಾಡಿಸಬೇಕಾಗುತ್ತದೆ. ಮೊದಲ ಬೆಳಗ್ಗೆ ನಾಮದ ಚಿಲುಮೆ ಮತ್ತು ದೇವರಾಯನದುರ್ಗದ ತಪ್ಪಲು. ಅಂದೇ ಹಿಂತಿರುಗಿ ಶೆಟ್ಟಿಹಳ್ಳಿಯ ಆಸುಪಾಸಿನಲ್ಲಿ ವಾಸ್ತವ್ಯ. ಮರುದಿನ 20 ಕಿಲೋಮೀಟರ್ ದೂರದ ಗುಬ್ಬಿ, ಅಲ್ಲಿಂದ ಶಿಂಷೆಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆ, ಬಳಿಕ ತುರುವೇಕೆರೆಯ ಹೊಯ್ಸಳ ದೇಗುಲಗಳು. ಮೂರನೆಯ ದಿನ ಮಾರ್ಕೋನಹಳ್ಳಿ ಜಲಾಶಯ, ಎಡೆಯೂರಿನ ಸಿದ್ಧಲಿಂಗೇಶ್ವರ ಕ್ಷೇತ್ರ, ಕುಣಿಗಲ್ ದೊಡ್ಡಕೆರೆ. ಕುಣಿಗಲ್‌ನಿಂದ ತುಮಕೂರಿಗೆ ಸುಮಾರು 36 ಕಿಲೋಮೀಟರ್. ಶಕ್ತಿಯಿದ್ದವನು ನಾಲ್ಕನೆಯ ಬೆಳಗ್ಗೆ ತುಳಿದು ಮರಳುತ್ತಾನೆ, ಇಲ್ಲದವನಿಗೆ 2017ರಲ್ಲಿ ಆರಂಭವಾದ ಹಾಸನ ಮಾರ್ಗದ ರೈಲು ಕುಣಿಗಲ್‌ನಿಂದಲೇ ಇದೆ.

ಒಂದು ತಿನಿಸು ಒಂದು ಊರನ್ನು ಹೇಗೆ ನಿಲುಗಡೆಯನ್ನಾಗಿ ಮಾಡಬಲ್ಲದೆಂಬುದನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಹೆದ್ದಾರಿಯ ಪ್ರಯಾಣಿಕರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆಂದೇ ನಿಲ್ಲುತ್ತಾರೆ. ಗುಬ್ಬಿಗೂ ತುರುವೇಕೆರೆಗೂ ಎಡೆಯೂರಿಗೂ ಅಂತಹ ಒಂದೊಂದು ಕಾರಣ ಬೇಕಾಗಿದೆ.

ವರ್ತಕರ ಸಂಘಗಳು ಆರಂಭಿಸಬಹುದಾದ ಕೆಲಸ ದಾರಿಯನ್ನು ಅಳೆಯುವುದು. ಒಂದು ಸೈಕಲ್, ಒಂದು ನೋಟುಪುಸ್ತಕ. ಪ್ರತಿ ನೀರಿನ ನಲ್ಲಿ, ಶೌಚಾಲಯ, ಹೋಟೆಲು, ಪಂಕ್ಚರ್ ಅಂಗಡಿ, ಔಷಧದಂಗಡಿ ಎಷ್ಟನೆಯ ಕಿಲೋಮೀಟರಿನಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂಬ ಪಟ್ಟಿ. ಬೆಳಗಿನ ಆರು ಗಂಟೆಗೆ ತೆರೆಯದ ಹೋಟೆಲು ಈ ವ್ಯಾಪಾರಕ್ಕೆ ಇದ್ದೂ ಇಲ್ಲದಂತೆ. 25 ಕಿಲೋಮೀಟರಿಗಿಂತ ದೊಡ್ಡ ಖಾಲಿ ಅಂತರ ಎಲ್ಲಿ ಕಾಣುತ್ತದೆಯೋ ಅಲ್ಲಿನ ಯಾವುದಾದರೊಂದು ಅಂಗಡಿಯವನೊಡನೆ ಮೊದಲು ಮಾತನಾಡಬೇಕು. ಪಟ್ಟಿಯ ಕೊನೆಯಲ್ಲಿ ಜಾತ್ರೆ ಮತ್ತು ರಥೋತ್ಸವಗಳ ದಿನಾಂಕಗಳಿರಬೇಕು. ಶಿವರಾತ್ರಿಯ ಸಿದ್ಧಗಂಗೆಯ ಜಾತ್ರೆಗೆ ತುಮಕೂರಿನಲ್ಲಿಯೂ, ಕ್ಷೇತ್ರದ ಉತ್ಸವಗಳಿಗೆ ಎಡೆಯೂರಿನಲ್ಲಿಯೂ ಭಕ್ತರು ಸೇರಿದಾಗ ಕೊಠಡಿಗಳು ದೊರೆಯುವುದು ಕಷ್ಟ. ಆ ವಾರಗಳಲ್ಲಿ ಸೈಕಲ್ ಪ್ರವಾಸಿಯನ್ನು ಬರಬೇಡವೆಂದು ಮುಂಚಿತವಾಗಿ ತಿಳಿಸುವುದೂ ಪಟ್ಟಿಯ ಕೆಲಸವೇ.